ಬಿದ್ದವನು ಎದ್ದು ನಡೆದ ಮೇಲೆ

ಅಡಿಕೆ ಮರದಿಂದ ಬಿದ್ದವರ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಬೆನ್ನುಮೂಳೆ ಮುರಿದವರ, ಕೈಕಾಲು ಮುರಿದವರ ವಿಷಯ ಇವತ್ತು ಹೆಚ್ಚು ಎತ್ತುವುದಿಲ್ಲ. ಅವರ ಕಷ್ಟ ದೊಡ್ಡದೇ. ಆದರೆ ಅವರನ್ನು ಕಂಡ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಹೆದರಿಕೆ ಇರುವುದು, ಹೊರಗೆ ಏನೂ ಕಾಣದೆ ಒಳಗೇ ರಕ್ತ ಸೋರುತ್ತಿರಬಹುದಾದ ಇನ್ನೊಬ್ಬನ ಬಗ್ಗೆ. ಅವನು ಬೀಳುತ್ತಾನೆ, ಉಸಿರು ಕಟ್ಟಿದಂತಾಗಿ ಸ್ವಲ್ಪ ಹೊತ್ತು ಮಲಗಿರುತ್ತಾನೆ, ಆಮೇಲೆ ಎದ್ದು ಮೈ ಕೊಡವಿಕೊಳ್ಳುತ್ತಾನೆ. "ಎಂತದೂ ಆಗ್ಲಿಲ್ಲ ಮಾರಾಯ್ರೆ" ಅಂತ ಹೇಳಿ ಮನೆಗೆ ನಡೆದೇ ಹೋಗುತ್ತಾನೆ. ಆ ಹೊತ್ತಿಗೆ ಅದು ನಿಜವೂ ಇರಬಹುದು. ಆದರೆ ಅದನ್ನು ತೀರ್ಮಾನಿಸುವುದು ಅವನಿಗೂ ಸಾಧ್ಯವಿಲ್ಲ, ಅವನನ್ನು ಆಗಷ್ಟೇ ಒಮ್ಮೆ ನೋಡಿದ ಡಾಕ್ಟರಿಗೂ ಸಾಧ್ಯವಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಹಲವು ರೋಗಿಗಳನ್ನು ಸೇರಿಸಿ ನಾನು ಕಟ್ಟಿಕೊಂಡ ಒಬ್ಬ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು. ವಯಸ್ಸು 28, ತೂಕ 60 ಕೆಜಿ, ಗಟ್ಟಿಮುಟ್ಟು ಆಳು. ಬೆಳಿಗ್ಗೆ 9ಕ್ಕೆ ಬಿದ್ದ. ಎಡಪಕ್ಕೆ ಬಸಿಗಾಲುವೆಯ ಅಂಚಿಗೆ ಬಡಿಯಿತು. 10ಕ್ಕೆ ಊರಿನ ಕ್ಲಿನಿಕ್ಕಿನಲ್ಲಿ ನಾಡಿ 96, ಬಿಪಿ 124/80. ಎಡಪಕ್ಕೆಯಲ್ಲಿ ನೋವು, ತರಚಿದ ಗುರುತು. ಒಂದು ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. 12ಕ್ಕೆ ಬಾಯಾರಿಕೆ, ಸುಸ್ತು. ಆಶಾ ಕಾರ್ಯಕರ್ತೆ ಪಕ್ಕದ ಮನೆಯ ಬಿಪಿ ಯಂತ್ರ ತಂದು ನೋಡಿದರು: ನಾಡಿ 118, ಬಿಪಿ 112/90. "ಬಿಪಿ ನಾರ್ಮಲ್ ಇದೆಯಲ್ಲ" ಎಂದು ಮನೆಯವರಿಗೆ ಸಮಾಧಾನವಾಯಿತು. 2 ಗಂಟೆಗೆ ಬಚ್ಚಲಿಗೆ ಹೋಗಲು ಎದ್ದವನು ಕಣ್ಣು ಕತ್ತಲೆ ಬಂದು ಬಿದ್ದ. ಆಗ ನಾಡಿ 136, ಬಿಪಿ 84.

ಈ ಅಳತೆಗಳನ್ನು ಆಗಾಗಲೇ ಒಂದು ಚೀಟಿಯ ಮೇಲೆ ಒಂದರ ಕೆಳಗೆ ಒಂದು ಬರೆದಿದ್ದರೆ 12 ಗಂಟೆಗೇ ಗೊತ್ತಾಗುತ್ತಿತ್ತು. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಹೆಚ್ಚುಕಡಿಮೆ ಇಷ್ಟೇ. ಒಳಗಿನ ರಕ್ತಸ್ರಾವ ಒಮ್ಮೆ ನೋಡಿದರೆ ಸಿಗುವುದಿಲ್ಲ, ಮತ್ತೆ ಮತ್ತೆ ನೋಡಿದರೆ ಸಿಗುತ್ತದೆ.

ಯಾಕೆ ಹೀಗೆ? ನಮ್ಮ ಮೈಯಲ್ಲಿ ಕಿಲೋ ತೂಕಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಇರುತ್ತದೆ. 60 ಕೆಜಿಯವನಿಗೆ 4 ಲೀಟರ್ ಮೇಲೆ ಸ್ವಲ್ಪ. ಅದರಲ್ಲಿ ಶೇ. 15ರವರೆಗೆ, ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಹೋದರೂ ದೇಹ ಮುಖಕ್ಕೆ ತೋರಿಸುವುದಿಲ್ಲ. ಶೇ. 15ರಿಂದ 30 ಹೋಗುವಾಗ ನಾಡಿ ಏರುತ್ತದೆ, ಚರ್ಮದ ರಕ್ತನಾಳಗಳು ಬಿಗಿಯಾಗಿ ಕೈಕಾಲು ತಣ್ಣಗಾಗುತ್ತವೆ, ಮೂತ್ರ ಕಡಿಮೆಯಾಗುತ್ತದೆ. ಬಿಪಿಯ ಮೇಲಿನ ಅಂಕೆ ಮಾತ್ರ ಅಲ್ಲೇ ನಿಂತಿರುತ್ತದೆ. ಅದು ಸ್ಪಷ್ಟವಾಗಿ ಕುಸಿಯುವುದು ಶೇ. 30 ದಾಟಿದ ಮೇಲೆ. ನಮ್ಮ ಕೊನೆಗಾರನ ಲೆಕ್ಕದಲ್ಲಿ ಅದು ಒಂದೂಕಾಲು ಲೀಟರ್. ಅಷ್ಟು ಹೋಗುವವರೆಗೆ ಬಿಪಿಯನ್ನೇ ನಂಬಿ ಕೂತರೆ ಕೂತ ಹಾಗೇ.

12 ಗಂಟೆಯ ಅಳತೆ ಮತ್ತೊಮ್ಮೆ ನೋಡಿ. ಮೇಲಿನ ಅಂಕೆ 124ರಿಂದ 112ಕ್ಕೆ ಇಳಿದಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಕೆಳಗಿನದು 80ರಿಂದ 90ಕ್ಕೆ ಏರಿದೆ. ಎರಡರ ನಡುವಿನ ಅಂತರ 44 ಇದ್ದದ್ದು 22ಕ್ಕೆ ಬಂದಿದೆ. ರಕ್ತನಾಳಗಳು ಹಿಂಡಿಕೊಂಡು ಒತ್ತಡವನ್ನು ಎತ್ತಿ ಹಿಡಿದಿರುವ ಗುರುತು ಅದು. ಇನ್ನೂ ಸುಲಭದ ಲೆಕ್ಕ ಒಂದಿದೆ. 1967ರಲ್ಲಿ ಆಲ್‌ಗೋವರ್ ಮತ್ತು ಬುರ್ರಿ ಎಂಬ ವೈದ್ಯರು ಜರ್ಮನ್ ಪತ್ರಿಕೆಯಲ್ಲಿ ಬರೆದದ್ದು: ನಾಡಿಯನ್ನು ಬಿಪಿಯ ಮೇಲಿನ ಅಂಕೆಯಿಂದ ಭಾಗಿಸಿ. ಆರೋಗ್ಯವಂತರಲ್ಲಿ ಉತ್ತರ 0.5ರಿಂದ 0.7ರ ನಡುವೆ ಬರುತ್ತದೆ. 0.9 ದಾಟಿದರೆ ಎಚ್ಚರ. 1 ದಾಟಿದರೆ, ಅಂದರೆ ನಾಡಿ ಬಿಪಿಗಿಂತ ದೊಡ್ಡ ಸಂಖ್ಯೆಯಾದರೆ, ರಕ್ತ ಎಲ್ಲೋ ಹೋಗುತ್ತಿದೆ ಎಂದೇ ತಿಳಿದು ನಡೆಯಬೇಕು. ನಮ್ಮವನದು 10 ಗಂಟೆಗೆ 0.77, 12ಕ್ಕೆ 1.05. ಭಾಗಾಕಾರ ಬೇಡದವರು ಒಂದೇ ನೆನಪಿಡಿ: ನಾಡಿ ಮೇಲೆ, ಬಿಪಿ ಕೆಳಗೆ ಆಗಬಾರದು.

ಈ ಲೆಕ್ಕಕ್ಕೆ ಮೋಸ ಮಾಡುವವರೂ ಇದ್ದಾರೆ. ನಾಡಿಯನ್ನು ನಿಧಾನ ಮಾಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವ ಹಿರಿಯರ ನಾಡಿ ಏರುವುದೇ ಇಲ್ಲ. 80ರಲ್ಲೇ ಓಡುತ್ತಿರುತ್ತದೆ, ನಾವು ಮೋಸ ಹೋಗುತ್ತೇವೆ. ದಿನಾ 160 ಬಿಪಿ ಇರುವ ಅಜ್ಜನಿಗೆ 110 ಬಂದರೆ ಅದು ನಾರ್ಮಲ್ ಅಲ್ಲ, ಕುಸಿತ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ನುಂಗುವವರಲ್ಲಿ ಸಣ್ಣ ಪೆಟ್ಟೂ ದೊಡ್ಡದೇ. ಮಕ್ಕಳು ಇನ್ನೊಂದು ಬಗೆ. ಅವರ ರಕ್ತನಾಳಗಳು ಎಷ್ಟು ಚೆನ್ನಾಗಿ ಬಿಗಿಯುತ್ತವೆ ಎಂದರೆ ಬಿಪಿ ಕೊನೆಯವರೆಗೂ ನಿಂತು, ಬಿದ್ದಾಗ ಒಮ್ಮೆಲೇ ಬೀಳುತ್ತದೆ. ಮಗು ಆಟ ಬಿಟ್ಟು ಸುಮ್ಮನೆ ಮಡಿಲಲ್ಲಿ ಒರಗಿದೆ ಎಂದರೆ ಯಂತ್ರಕ್ಕಿಂತ ಅದನ್ನೇ ಹೆಚ್ಚು ನಂಬಿ. ಗರ್ಭಿಣಿಯರಲ್ಲಿ ರಕ್ತದ ಪ್ರಮಾಣವೇ ಹೆಚ್ಚಿರುವುದರಿಂದ ತಾಯಿ ಚೆನ್ನಾಗಿ ಕಾಣುತ್ತಾಳೆ, ತೊಂದರೆ ಮೊದಲು ತಟ್ಟುವುದು ಮಗುವಿಗೆ.

ಇಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ಎಚ್‌ಬಿ ನೋಡಿದರೆ ಸಾಲದಾ?" ಎಚ್‌ಬಿ ಅಂದರೆ ರಕ್ತದ ಹಿಮೋಗ್ಲೋಬಿನ್. ಒಳ್ಳೆಯ ಪ್ರಶ್ನೆ, ಯಾಕೆಂದರೆ ಎಷ್ಟೋ ಆಸ್ಪತ್ರೆಗಳಲ್ಲಿ ದಾರಿ ತಪ್ಪುವುದು ಇಲ್ಲೇ. ಪಾತ್ರೆಯಿಂದ ಅರ್ಧ ಸಾರು ಚೆಲ್ಲಿ ಹೋಯಿತು ಅಂತಿಟ್ಟುಕೊಳ್ಳಿ. ಉಳಿದ ಸಾರಿನ ಉಪ್ಪು ಕಡಿಮೆಯಾಗುತ್ತದೆಯೇ? ಇಲ್ಲ. ಹಾಗೆಯೇ ಹೋಗುವುದು ಇಡೀ ರಕ್ತ, ಆದ್ದರಿಂದ ಉಳಿದ ರಕ್ತದ ಎಚ್‌ಬಿ ಮೊದಲ ಗಂಟೆಗಳಲ್ಲಿ 13 ಇದ್ದದ್ದು 13ರ ಹತ್ತಿರವೇ ಇರುತ್ತದೆ. ಸುತ್ತಲಿನ ಅಂಗಾಂಶದ ನೀರು ರಕ್ತನಾಳದೊಳಗೆ ಇಳಿದ ಮೇಲೆ, ಅಥವಾ ನಾವು ಸಲೈನ್ ಸುರಿದ ಮೇಲೆ, ಅದು ಇಳಿಯುತ್ತದೆ. ಮೊದಲ ಎಚ್‌ಬಿಯ ಉಪಯೋಗ ಎರಡನೆಯದಕ್ಕೆ ಹೋಲಿಸಿ ನೋಡುವುದಕ್ಕೆ. ಅದಕ್ಕಿಂತ ಬೇಗ ಸುಳಿವು ಕೊಡುವುದು ಲ್ಯಾಕ್ಟೇಟ್ ಪರೀಕ್ಷೆ. ಅಂಗಾಂಗಗಳಿಗೆ ಆಮ್ಲಜನಕ ಸಾಲದಾದಾಗ ಅದು 2ರ ಮೇಲೆ ಏರುತ್ತದೆ.

ಇನ್ನು, ರಕ್ತ ಎಲ್ಲಿ ಅಡಗುತ್ತದೆ? ಅಪಾಯದ ಮಟ್ಟಕ್ಕೆ ರಕ್ತ ಸೇರಬಲ್ಲ ಜಾಗಗಳು ಹೆಚ್ಚಿಲ್ಲ. ಎದೆಗೂಡು, ಹೊಟ್ಟೆ, ಹೊಟ್ಟೆಯ ಹಿಂಗೋಡೆಗೂ ಬೆನ್ನಿಗೂ ನಡುವಿನ ಜಾಗ, ಸೊಂಟದ ಮೂಳೆಯ ಬಳೆ, ತೊಡೆ. ತೊಡೆಯ ಮೂಳೆ ಒಳಗೇ ಮುರಿದರೆ ಚರ್ಮ ಹರಿಯದೆಯೂ ಒಂದರಿಂದ ಒಂದೂವರೆ ಲೀಟರ್ ಅಲ್ಲೇ ಸೇರಬಹುದು. ಎದೆಯ ಒಂದೇ ಬದಿಯಲ್ಲಿ ಎರಡು ಲೀಟರಿಗೂ ಜಾಗವಿದೆ. ಈ ಪಟ್ಟಿಯಲ್ಲಿ ತಲೆ ಇಲ್ಲ, ಗಮನಿಸಿ. ದೊಡ್ಡವರ ತಲೆಬುರುಡೆಯೊಳಗೆ ಬಿಪಿ ಕುಸಿಯುವಷ್ಟು ರಕ್ತ ಸೇರಲು ಜಾಗವೇ ಇಲ್ಲ. ಅದಕ್ಕೆ ಮೊದಲೇ ಮೆದುಳು ಒತ್ತಿಹೋಗುತ್ತದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ಮಂಕಾದವನ ಬಿಪಿ 80 ಇದ್ದರೆ ಎಲ್ಲರೂ ತಲೆಯ ಸ್ಕ್ಯಾನ್‌ಗೆ ಓಡುತ್ತಾರೆ. ಓಡುವ ಮೊದಲು ಹೊಟ್ಟೆ, ಎದೆ, ಸೊಂಟ ನೋಡಬೇಕು.

ಪೆಟ್ಟಿನಿಂದ ಹೊಟ್ಟೆಯೊಳಗೆ ಹೆಚ್ಚಾಗಿ ಹರಿಯುವುದು ಲಿವರ್ ಮತ್ತು ಗುಲ್ಮ, ಅಂದರೆ ಸ್ಪ್ಲೀನ್. ಗುಲ್ಮ ಇರುವುದು ಎಡಗಡೆ 9ರಿಂದ 11ನೇ ಪಕ್ಕೆಲುಬಿನ ಮರೆಯಲ್ಲಿ. ತೂಕ ಸುಮಾರು 150 ಗ್ರಾಂ, ಮುಷ್ಟಿಯಷ್ಟು ಗಾತ್ರ, ಒಳಗೆಲ್ಲ ರಕ್ತ. ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಆದರೆ ಮಲೆನಾಡಿನವರು ಇದನ್ನು ಕೇಳಬೇಕು. ಮಲೇರಿಯಾ ಮನೆಮನೆಯಲ್ಲಿದ್ದ ಕಾಲದಲ್ಲಿ ನಮ್ಮ ಹಿರಿಯರ ಹೊಟ್ಟೆಯಲ್ಲಿ ಜ್ವರಗಡ್ಡೆ ಇರುತ್ತಿತ್ತು. ಊದಿದ ಗುಲ್ಮವೇ ಅದು. ಹಾಗೆ ಊದಿದ ಗುಲ್ಮ ಸಣ್ಣ ಪೆಟ್ಟಿಗೂ ಒಡೆಯುತ್ತದೆ. 1875ರಲ್ಲಿ ಆಗ್ರಾದಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲ ಚರ್ಚಿಗೆ ಹೊರಟಾಗ ಗಾಡಿ ತರಲು ತಡವಾಯಿತೆಂದು ಕುದುರೆ ಆಳು ಕಟ್ವಾರೂನನ್ನು ಹೊಡೆದ. ಆಳು ಸತ್ತ. ಮರಣೋತ್ತರ ಪರೀಕ್ಷೆಯಲ್ಲಿ ಗುಲ್ಮ ಒಡೆದಿತ್ತು. ಮ್ಯಾಜಿಸ್ಟ್ರೇಟ್ ಹಾಕಿದ ಶಿಕ್ಷೆ 30 ರೂಪಾಯಿ ದಂಡ. ವೈಸ್‌ರಾಯ್ ಲಿಟ್ಟನ್ 1876ರಲ್ಲಿ ಅದನ್ನು ಖಂಡಿಸಿ ಬರೆದ, ಇಲ್ಲಿದ್ದ ಇಂಗ್ಲಿಷರ ಪತ್ರಿಕೆಗಳು ಲಿಟ್ಟನ್ ಮೇಲೇ ಹರಿಹಾಯ್ದವು. ಆ ಕಾಲದ ಕೋರ್ಟುಗಳಲ್ಲಿ "ಗುಲ್ಮ ಮೊದಲೇ ದೊಡ್ಡದಿತ್ತು" ಎನ್ನುವುದು ಹೊಡೆದವರ ಪರ ವಾದವಾಗಿತ್ತು. ವೈದ್ಯರ ವರದಿ ಯಾರ ಕೈಗೆ ಹೋಗುತ್ತದೆ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವಾಗ ಈ ಪ್ರಕರಣ ತಪ್ಪದೆ ಹೇಳುತ್ತೇನೆ.

ಮತ್ತೆ ದಾರಿಗೆ ಬರೋಣ. ಗುಲ್ಮ ಹರಿದವನು ಹೊಟ್ಟೆನೋವು ಎಂದೇ ಹೇಳಬೇಕೆಂದಿಲ್ಲ. ಎಡ ಹೆಗಲ ತುದಿ ನೋಯುತ್ತದೆ ಎನ್ನಬಹುದು, ಮಲಗಿದಾಗ ಜಾಸ್ತಿ ಎನ್ನಬಹುದು. ಹೆಗಲಿಗೆ ಏನೂ ಆಗಿರುವುದಿಲ್ಲ. ಹೊಟ್ಟೆಯೊಳಗಿನ ರಕ್ತ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಕೆಣಕುತ್ತದೆ, ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಹಾಗಾಗಿ ನೋವು ಹೆಗಲಲ್ಲಿ ಕಾಣಿಸುತ್ತದೆ. "ಹೆಗಲು ಉಳುಕಿದೆ" ಎಂದು ಎಣ್ಣೆ ಹಚ್ಚಿ ತಿಕ್ಕುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗೇ ಇರಬಹುದು. ಹೊಸ ರಕ್ತ ಹೊಟ್ಟೆಯ ಪೊರೆಯನ್ನು ಅಷ್ಟು ಬೇಗ ಕೆರಳಿಸುವುದಿಲ್ಲ. ಹೊಟ್ಟೆ ಉಬ್ಬಿ ಬರುವುದನ್ನು ಕಾಯುತ್ತ ಕೂರುವುದಂತೂ ಬೇಡವೇ ಬೇಡ. ಉಬ್ಬುವಷ್ಟು ಸೇರಿದರೆ ಲೀಟರುಗಟ್ಟಲೆ ಹೋಗಿರುತ್ತದೆ.

ನಾನು ಕೇಳುವ ಮೊದಲ ಪ್ರಶ್ನೆ ಹೇಗೆ ಬಿದ್ದರು ಎಂಬುದು. ಎಷ್ಟು ಎತ್ತರ, ಯಾವ ಬದಿ, ಏನಕ್ಕೆ ಬಡಿಯಿತು. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ತಿವಿದ ಮಗು, ಟ್ರ್ಯಾಕ್ಟರ್ ಮಗುಚಿ ಅಡಿಗೆ ಸಿಕ್ಕಿದವನು, ಹೋರಿ ಹಬ್ಬದಲ್ಲಿ ಎತ್ತು ಗುಮ್ಮಿದವನು: ಇವರಿಗೆ ಹೊರಗೆ ಏನೂ ಕಾಣದಿದ್ದರೂ ನಾನು ಮನೆಗೆ ಕಳಿಸುವುದಿಲ್ಲ. ಕಾರಿನಲ್ಲಿದ್ದವರ ಹೊಟ್ಟೆಯ ಮೇಲೆ ಸೀಟ್ ಬೆಲ್ಟಿನ ನೀಲಿ ಪಟ್ಟೆ ಮೂಡಿದ್ದರೆ ಅವರನ್ನೂ ಇಲ್ಲ. ಬೆಲ್ಟ್ ಜೀವ ಉಳಿಸಿದೆ, ಆದರೆ ಆ ಪೆಟ್ಟು ಕರುಳಿನ ಮೇಲೆ ಬಿದ್ದಿದೆ.

ಪತ್ತೆ ಮಾಡುವ ಉಪಾಯಗಳ ಕಥೆಯೂ ಚೆನ್ನಾಗಿದೆ. 1965ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ರೂಟ್ ಮತ್ತು ಸಂಗಡಿಗರು ಹೊಕ್ಕುಳ ಕೆಳಗೆ ಸಣ್ಣ ನಳಿಗೆ ಇಳಿಸಿ ನೋಡುವ ವಿಧಾನ ತಂದರು. ನಳಿಗೆಯಲ್ಲಿ 10 ಮಿಲಿ ರಕ್ತ ಬಂದರೆ ನೇರ ಆಪರೇಷನ್. ಬಾರದಿದ್ದರೆ ಒಂದು ಲೀಟರ್ ಸಲೈನ್ ಬಿಟ್ಟು, ಹೊರತೆಗೆದು, ಅದರ ಬಣ್ಣ ನೋಡುವುದು. ಅಲ್ಲಿಯವರೆಗೆ ಕೈ ಮತ್ತು ಅನುಭವ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಈಗ ಆ ಜಾಗಕ್ಕೆ ಅಲ್ಟ್ರಾಸೌಂಡ್ ಬಂದಿದೆ. ಫಾಸ್ಟ್ ಎನ್ನುವ ಪರೀಕ್ಷೆ. ನಾಲ್ಕು ಕಡೆ ನೋಡುತ್ತೇವೆ: ಲಿವರ್ ಮತ್ತು ಬಲ ಕಿಡ್ನಿಯ ನಡುವೆ, ಗುಲ್ಮ ಮತ್ತು ಎಡ ಕಿಡ್ನಿಯ ನಡುವೆ, ಮೂತ್ರಕೋಶದ ಹಿಂದೆ, ಹೃದಯದ ಸುತ್ತ. ರಕ್ತ ಇದ್ದರೆ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ರೋಗಿಯನ್ನು ಮಂಚದಿಂದ ಇಳಿಸದೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು, ಎಲ್ಲೆಂದರಲ್ಲಿ ಹೊತ್ತುಕೊಂಡು ಹೋಗುವಂತಿಲ್ಲ. ಕಾಯ್ದೆಯ ಕಾರಣ ಸರಿಯಾದದ್ದೇ, ನನಗೆ ತಕರಾರಿಲ್ಲ. ಆದರೆ ಆಂಬುಲೆನ್ಸಿನಲ್ಲಿ ಈ ಪರೀಕ್ಷೆ ಯಾಕಿಲ್ಲ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಅದು.

ಫಾಸ್ಟ್‌ಗೂ ಮಿತಿ ಇದೆ. ಕೆಲವು ನೂರು ಮಿಲಿ ಸೇರುವವರೆಗೆ ಕಾಣುವುದಿಲ್ಲ. ಹೊಟ್ಟೆಯ ಹಿಂಗೋಡೆಯ ಆಚೆ ಸೇರಿದ ರಕ್ತ ಕಾಣುವುದೇ ಇಲ್ಲ. ಹಾಗಾಗಿ ಮೊದಲ ಸಲ ಏನೂ ಕಾಣದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿ ನೋಡಬೇಕು. ಸಿಟಿ ಸ್ಕ್ಯಾನ್ ಹೆಚ್ಚಿನದನ್ನೆಲ್ಲ ತೋರಿಸುತ್ತದೆ, ರಕ್ತನಾಳಕ್ಕೆ ಬಣ್ಣದ ಔಷಧ ಕೊಟ್ಟರೆ ಎಲ್ಲಿಂದ ಸೋರುತ್ತಿದೆ ಎಂಬುದನ್ನೂ. ಆದರೆ ಬಿಪಿ ನಿಲ್ಲದವನನ್ನು ಆ ಕೋಣೆಗೆ ಒಯ್ಯಬಾರದು. ಅಲ್ಲಿ ಅವನ ಪಕ್ಕ ಯಾರೂ ಇರುವುದಿಲ್ಲ. ಬಿಪಿ ಕುಸಿದು ಫಾಸ್ಟ್‌ನಲ್ಲಿ ರಕ್ತ ಕಂಡರೆ ಅವನ ಜಾಗ ಆಪರೇಷನ್ ಥಿಯೇಟರ್.

ಚಿಕಿತ್ಸೆಗೆ ಬಂದರೆ, ನಮ್ಮ ಮೊದಲ ಅಭ್ಯಾಸವೇ ಸಲೈನ್ ಬಾಟಲಿ. ಎರಡು ಬಾಟಲಿ ಓಡಿಸಿದರೆ ಬಿಪಿ ಏರುತ್ತದೆ, ಮನೆಯವರ ಮುಖ ಅರಳುತ್ತದೆ. ಒಳಗೆ ಏನಾಗುತ್ತದೆ? ಉಳಿದ ರಕ್ತ ತೆಳುವಾಗುತ್ತದೆ, ಹೆಪ್ಪುಗಟ್ಟಿಸುವ ಅಂಶಗಳು ತೆಳುವಾಗುತ್ತವೆ, ಮೈ ತಣ್ಣಗಾಗುತ್ತದೆ, ಏರಿದ ಒತ್ತಡ ಆಗಷ್ಟೇ ಕೂತ ಹೆಪ್ಪನ್ನು ಕಿತ್ತು ಹಾಕುತ್ತದೆ. 1994ರಲ್ಲಿ ಹ್ಯೂಸ್ಟನ್‌ನಿಂದ ಬಿಕೆಲ್ ತಂಡದ ಅಧ್ಯಯನ ಬಂತು. ಗುಂಡು, ಚೂರಿಯ ಗಾಯದವರಿಗೆ ಆಪರೇಷನ್‌ವರೆಗೆ ಸಲೈನ್ ತಡೆಹಿಡಿದಾಗ ಬದುಕಿದವರು ಹೆಚ್ಚು. ಎಲ್ಲ ಪೆಟ್ಟಿಗೂ ಅದು ಹಾಗೇ ಅನ್ವಯಿಸುವುದಿಲ್ಲ, ತಲೆಗೆ ಪೆಟ್ಟಾದವರಲ್ಲಿ ಬಿಪಿ ಇಳಿಯಲು ಬಿಡುವಂತೆಯೇ ಇಲ್ಲ. ಆದರೂ ಉಳಿದವರಲ್ಲಿ ಪ್ರಜ್ಞೆ ಉಳಿಯುವಷ್ಟು, ಮಣಿಕಟ್ಟಿನ ನಾಡಿ ಸಿಗುವಷ್ಟು ಒತ್ತಡ ಇಟ್ಟುಕೊಂಡು ರಕ್ತವನ್ನೇ ಬೇಗ ಕೊಡುವುದು ಇವತ್ತಿನ ಪದ್ಧತಿ. ರಕ್ತ ಎಂದರೆ ಕೆಂಪುಕಣದ ಚೀಲ ಮಾತ್ರವಲ್ಲ, ಅದರ ಜೊತೆ ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಕೂಡ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಚೀಲವನ್ನು ಬೆಚ್ಚಗೆ ಮಾಡಿ ಕೊಡಬೇಕು. ತಣ್ಣಗಾದ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ತೋಟದಲ್ಲಿ ಬಿದ್ದವನ ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿದರೆ ನೀವೂ ಈ ಚಿಕಿತ್ಸೆಯ ಒಂದು ಪಾಲು ಮಾಡಿದ ಹಾಗೆ.

ಅಗ್ಗದ ಔಷಧ ಒಂದಿದೆ, ಟ್ರಾನೆಕ್ಸಾಮಿಕ್ ಆಸಿಡ್. ಮುಟ್ಟಿನ ಅತಿ ಸ್ರಾವಕ್ಕೆ ಕೊಡುವ ಅದೇ ಔಷಧ. ಜಪಾನಿನ ಉಟಾಕೊ ಒಕಮೊಟೊ ಮತ್ತು ಅವರ ಪತಿ 1962ರಲ್ಲಿ ಕಂಡುಹಿಡಿದದ್ದು. ಕೂತ ಹೆಪ್ಪು ಕರಗದಂತೆ ಅದು ತಡೆಯುತ್ತದೆ. 2010ರಲ್ಲಿ ಕ್ರಾಶ್-2 ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು: 40 ದೇಶ, 274 ಆಸ್ಪತ್ರೆ, 20 ಸಾವಿರಕ್ಕೂ ಹೆಚ್ಚು ಗಾಯಾಳುಗಳು, ಭಾರತದವರೂ ಸೇರಿ. ಸಾವು ಶೇ. 16ರಿಂದ 14.5ಕ್ಕೆ ಇಳಿಯಿತು. ಸಣ್ಣ ಅಂತರ ಅನ್ನಿಸಬಹುದು, ಆದರೆ ಇಷ್ಟು ಅಗ್ಗದಲ್ಲಿ ಇಷ್ಟು ಜೀವ ಉಳಿಸುವುದು ನಮ್ಮಲ್ಲಿ ಬೇರೆ ಯಾವುದೂ ನೆನಪಾಗುತ್ತಿಲ್ಲ. ಒಂದೇ ಷರತ್ತು, ಪೆಟ್ಟಾದ 3 ಗಂಟೆಯೊಳಗೆ ಶುರುವಾಗಬೇಕು. ಆಮೇಲೆ ಕೊಟ್ಟರೆ ಲಾಭವಿಲ್ಲ, ಕೆಡುಕೂ ಆಗಬಹುದು. ಹತ್ತು ನಿಮಿಷದಲ್ಲಿ 1 ಗ್ರಾಂ, ಆಮೇಲೆ 8 ಗಂಟೆಯಲ್ಲಿ ಇನ್ನೊಂದು. ತಾಲ್ಲೂಕು ಆಸ್ಪತ್ರೆಯಿಂದ ಮುಂದಕ್ಕೆ ಕಳಿಸುವವರು ಮೊದಲ ಗ್ರಾಂ ಕೊಟ್ಟು, ಸಮಯ ಬರೆದು ಕಳಿಸಿದರೆ ದೊಡ್ಡ ಉಪಕಾರ. ನಮ್ಮ ಕೊನೆಗಾರನಿಗೆ 12 ಗಂಟೆಗೆ ಈ ಗಡುವು ಮುಗಿಯುತ್ತಿತ್ತು.

ಆಪರೇಷನ್ ಎಂದರೆ ಎಲ್ಲವನ್ನೂ ಹೊಲಿದು ಮುಗಿಸುವುದು ಎಂದು ನಾವೆಲ್ಲ ಕಲಿತಿದ್ದೆವು. 1993ರಲ್ಲಿ ಫಿಲಡೆಲ್ಫಿಯಾದ ರೊಟೊಂಡೊ, ಶ್ವಾಬ್ ಮತ್ತು ಜೊತೆಗಾರರು ಬೇರೆ ಮಾತು ಹೇಳಿದರು. ತೀರಾ ಹದಗೆಟ್ಟವನಲ್ಲಿ ರಕ್ತ ನಿಲ್ಲಿಸಿ, ಲಿವರ್ ಸುತ್ತ ಬಟ್ಟೆಯ ಪ್ಯಾಡ್ ಒತ್ತಿ ಇಟ್ಟು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಐಸಿಯುಗೆ ಕಳಿಸಿ. ಮೈ ಬೆಚ್ಚಗಾಗಿ, ರಕ್ತ ಹೆಪ್ಪುಗಟ್ಟುವಂತಾದ ಮೇಲೆ, ಒಂದೆರಡು ದಿನದಲ್ಲಿ ವಾಪಸು ತಂದು ಉಳಿದ ಕೆಲಸ ಮಾಡಿ. "ಡಾಕ್ಟ್ರು ಅರ್ಧ ಆಪರೇಷನ್ ಮಾಡಿ ಬಿಟ್ಟರು" ಎಂದು ಮನೆಯವರು ಗಲಾಟೆ ಮಾಡುವುದುಂಟು. ನಾವು ಮೊದಲೇ ವಿವರಿಸಿ ಹೇಳದಿದ್ದರೆ ಆ ಗಲಾಟೆಗೆ ಅರ್ಧ ಕಾರಣ ನಾವೇ.

ಇನ್ನೊಂದು ತುದಿಯಲ್ಲಿ ಆಪರೇಷನ್ನೇ ಬೇಡದವರಿದ್ದಾರೆ. ಹಿಂದೆ ಗುಲ್ಮ ಹರಿದರೆ ತೆಗೆದು ಬಿಸಾಡುತ್ತಿದ್ದರು. 1952ರಲ್ಲಿ ಕಿಂಗ್ ಮತ್ತು ಶುಮಾಕರ್, ಗುಲ್ಮ ತೆಗೆದ ಎಳೆಯ ಮಕ್ಕಳಿಗೆ ಭೀಕರ ಸೋಂಕು ಬರುತ್ತದೆ ಎಂದು ತೋರಿಸಿದರು. 1968ರಲ್ಲಿ ಟೊರಾಂಟೊದಿಂದ ಇನ್ನೊಂದು ಲೇಖನ ಬಂತು, ಬರೆದವರು ಉಪಾಧ್ಯಾಯ ಮತ್ತು ಸಿಂಪ್ಸನ್. ಈ ಉಪಾಧ್ಯಾಯರು ನಮ್ಮ ದೇಶದವರೇ, ಮುಂದೆ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆಯ ಹಿರಿಯರು. ಹೊಟ್ಟೆ ತೆರೆದು ನೋಡಿದಾಗ ಹಲವು ಮಕ್ಕಳಲ್ಲಿ ಗುಲ್ಮದ ರಕ್ತಸ್ರಾವ ಅಷ್ಟರಲ್ಲೇ ನಿಂತಿದ್ದನ್ನು ಅವರು ಗುರುತಿಸಿದ್ದರು. ಇವತ್ತು ಬಿಪಿ ನಿಂತಿರುವ ಹೆಚ್ಚಿನವರಲ್ಲಿ, ದೊಡ್ಡವರಲ್ಲೂ, ಗುಲ್ಮವನ್ನೂ ಲಿವರನ್ನೂ ಮುಟ್ಟದೆ ಕಾಯುತ್ತೇವೆ. ಸ್ಕ್ಯಾನಿನಲ್ಲಿ ಸೋರಿಕೆ ಕಂಡರೆ ತೊಡೆಯ ರಕ್ತನಾಳದಿಂದ ತೆಳು ನಳಿಗೆ ಕಳಿಸಿ ಆ ಕವಲನ್ನು ಮಾತ್ರ ಮುಚ್ಚುತ್ತೇವೆ. ಕಾಯುವುದು ಅಂದರೆ ವಾರ್ಡಿನ ಮೂಲೆಯಲ್ಲಿ ಮಲಗಿಸುವುದಲ್ಲ. ಗಂಟೆಗಂಟೆಗೆ ನಾಡಿ, ಬಿಪಿ, ಮೂತ್ರ ನೋಡುವುದು, ಕೊಡಲು ರಕ್ತ ಸಿದ್ಧ, ಬೇಕಾದಾಗ ಥಿಯೇಟರ್. ಇಷ್ಟು ಇಲ್ಲದ ಕಡೆ ಕಾಯುವ ಧೈರ್ಯ ಮಾಡಬಾರದು.

ನೀವು ತೋಟದಲ್ಲಿ ಏನು ಮಾಡಬೇಕು ಎಂದು ಚೀಟಿ ಬಂದಿದೆ. ಬಿದ್ದವನನ್ನು ಎಬ್ಬಿಸಿ ಕೂರಿಸಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. 108ಕ್ಕೆ ಕರೆ ಮಾಡಿ. ಸೊಂಟದ ಮೂಳೆ ಮುರಿದಿರುವ ಅನುಮಾನವಿದ್ದರೆ ಒಂದು ಪಂಚೆಯನ್ನು ಅಗಲವಾಗಿ ಮಡಚಿ, ಹೊಟ್ಟೆಯ ಸುತ್ತ ಅಲ್ಲ, ತೊಡೆ ಶುರುವಾಗುವಲ್ಲಿ ಪಕ್ಕಕ್ಕೆ ಕೈಗೆ ಸಿಗುವ ಮೂಳೆಯ ಮಟ್ಟದಲ್ಲಿ ಬಿಗಿಯಾಗಿ ಕಟ್ಟಿ. ಸೊಂಟ ಅಲುಗಾಡಿಸಿ ಪರೀಕ್ಷೆ ಮಾಡಬೇಡಿ, ಅಲುಗಿದಷ್ಟೂ ರಕ್ತ. ಕಾಫಿ, ಸೋಡಾ, ನೀರು ಏನೂ ಬೇಡ. ಬಾಯಾರಿಕೆ ಎಂದು ಅವನು ಗೋಗರೆದರೆ ಅದೇ ಒಂದು ಸೂಚನೆ, ತುಟಿ ಒದ್ದೆ ಮಾಡಿ ಸಾಕು. ನಾಡಿ ಎಣಿಸಿ, ಸಮಯದ ಜೊತೆ ಬರೆಯಿರಿ. ಅವನು ದಿನಾ ನುಂಗುವ ಮಾತ್ರೆಯ ಚೀಟಿ ಜೊತೆಗಿರಲಿ. ಪೊಲೀಸ್ ಭಯಕ್ಕೆ ಹಿಂಜರಿಯುವವರಿಗೆ ಒಂದು ಮಾತು: ರಸ್ತೆ ಅಪಘಾತದ ಗಾಯಾಳುವನ್ನು ತಂದವರು ಹೆಸರು ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2016ರ ಸುಪ್ರೀಂ ಕೋರ್ಟ್ ಆದೇಶ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಎರಡೂ ನಿಮ್ಮ ಪರವಾಗಿವೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಮಾತು ಉಳಿದಿದೆ. ಗುಲ್ಮ ಉಳಿಸಿಕೊಂಡವರಲ್ಲಿ ಕೆಲವರಿಗೆ ದಿನಗಳ ನಂತರ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ, ಮತ್ತೆ ಒಡೆಯಬಹುದು. ಹೊಸದಾಗಿ ಹೆಗಲು ನೋವು, ತಲೆಸುತ್ತು, ಬೆವರು ಬಂದರೆ ರಾತ್ರಿಯಾದರೂ ಹೊರಡಬೇಕು. ಗುಲ್ಮ ತೆಗೆಸಿಕೊಂಡವರು ನ್ಯುಮೋಕಾಕಸ್, ಮೆನಿಂಗೊಕಾಕಸ್, ಹಿಮೋಫಿಲಸ್ ಲಸಿಕೆಗಳನ್ನು ಸುಮಾರು 14ನೇ ದಿನಕ್ಕೆ ಹಾಕಿಸಿಕೊಳ್ಳಬೇಕು. ಮುಂದೆ ಯಾವ ವಯಸ್ಸಿನಲ್ಲೇ ಜ್ವರ ಬಂದರೂ ಅದೇ ದಿನ ಡಾಕ್ಟರಿಗೆ "ನನಗೆ ಗುಲ್ಮ ಇಲ್ಲ" ಎಂದು ಹೇಳಬೇಕು. ಮತ್ತೆ ಮರ ಹತ್ತುವುದು ಯಾವಾಗ ಎಂದು ಎಲ್ಲರೂ ಕೇಳುತ್ತಾರೆ. ಗಾಯದ ಮಟ್ಟ ನೋಡಿ ಆರು ವಾರದಿಂದ ಮೂರು ತಿಂಗಳು ಅನ್ನುತ್ತೇನೆ, ಅಂದರೆ ಹೆಚ್ಚಿನವರಿಗೆ ಆ ವರ್ಷದ ಕೊಯ್ಲು ಮುಗಿದ ಹಾಗೇ. ಕೆಳಗೆ ನಿಂತು ದೋಟಿ ಹಿಡಿಯುತ್ತೇನೆ ಎನ್ನುವವರಿಗೆ, ಮೊದಲ ತಿಂಗಳು ಅದೂ ಬೇಡ. ಉದ್ದದ ದೋಟಿ ಎತ್ತಿ ನಿಲ್ಲಿಸುವುದಕ್ಕೂ ಹೊಟ್ಟೆಯ ಬಲವೇ ಬೇಕು.